ಲೋಗೋದಲ್ಲಿ ಕಲಿತದ್ದು ಚಿತ್ರಪುಸ್ತಕಕ್ಕೂ ಆಗುತ್ತದೆ

ಲೋಗೋ ಚೆನ್ನಾಗಿ ಬಂತು, ಆದರೆ 32 ಪುಟದ ಚಿತ್ರಪುಸ್ತಕದಲ್ಲಿ ಹುಡುಗಿ ಪುಟಕ್ಕೊಂದು ಥರ ಕಾಣುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹೋದ ಸೆಮಿಸ್ಟರ್‌ನಲ್ಲಿ ನನಗೂ ಹೀಗೇ ಆಗಿತ್ತು. ದಾರಿ ಸಿಕ್ಕಿದ್ದು ಬ್ರ್ಯಾಂಡಿಂಗ್ ಪ್ರಾಜೆಕ್ಟ್‌ನಿಂದಲೇ.

ಹಪ್ಪಳದ ಪ್ಯಾಕೆಟ್‌ಗೆ ಅಕ್ಷರ ಬರೆದಿದ್ದೆ. ಚಿಕ್ಕದಾಗಿ ಪ್ರಿಂಟ್ ತೆಗೆದರೆ ‘ಪ್ಪ’ದ ಒತ್ತು ಮಸಿ ತುಂಬಿ ಬರೀ ಚುಕ್ಕೆಯಾಗಿತ್ತು. ಒತ್ತನ್ನು ಸ್ವಲ್ಪ ಕೆಳಗಿಳಿಸಿ, ಒಳಗಿನ ಜಾಗ ಅಗಲ ಮಾಡಿದ ಮೇಲೆ ಓದಲು ಬಂತು. ನಿಮ್ಮ ಹುಡುಗಿಯನ್ನೂ ಹೀಗೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಪೂರ್ತಿ ಕಪ್ಪು ತುಂಬಿ ಬರೆದು ನೋಡಿ. ಎರಡು ಜಡೆ, ಗಿಡ್ಡ ಲಂಗ, ಒಂದು ಕಡೆ ಜೋತುಬಿದ್ದ ಚೀಲ. ಇಷ್ಟರಲ್ಲೇ ಅವಳ ಗುರುತು ಸಿಗಬೇಕು. ಸಿಕ್ಕರೆ ಮುಖ ಸ್ವಲ್ಪ ಬದಲಾದರೂ ಮಕ್ಕಳು ಅವಳನ್ನು ಕಂಡುಹಿಡಿಯುತ್ತಾರೆ.

ಆದರೆ ಒಂದೇ ಮುಖವನ್ನು ಎಲ್ಲ ಪುಟಕ್ಕೂ ಕಾಪಿ ಮಾಡಬೇಡಿ. ಲೋಗೋ ಎಲ್ಲಿ ಹೋದರೂ ಹಾಗೇ ಇರಬೇಕು, ನಿಜ. ಹುಡುಗಿ ಮಾತ್ರ ಓಡಬೇಕು, ಅಳಬೇಕು, ಮುನಿಸಿಕೊಳ್ಳಬೇಕು ಅಲ್ವಾ?

ಇನ್ನೊಂದು ಮಾತು. ಎರಡು ಪುಟ ಸೇರುವ ಮಡಿಕೆಯ ಹತ್ತಿರ ಅವಳ ಮುಖ ಇಡಬೇಡಿ. ಬೈಂಡ್ ಆದ ಮೇಲೆ ಕಣ್ಣು ಒಳಗೆ ಹೋಗಿಬಿಡುತ್ತದೆ.