ಹೊಲಿಗೆ ಮಿಷನ್ ಇಲ್ಲದೆ ಮಗುವಿಗೆ ಮೆತ್ತನೆಯ ಕೌದಿ ಹೊಲಿಯಬಹುದಾ?

ಖಂಡಿತ ಹೊಲಿಯಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ, ಅಂದರೆ ಹಳೇ ಬಟ್ಟೆಯ ಪದರಗಳನ್ನು ಸೇರಿಸಿದ ಹೊದಿಕೆ, ಹೊಲಿಯುವುದೇ ಕೈಯಲ್ಲಿ, ಬರೀ ಸೂಜಿ ದಾರದಿಂದ. ಹೊಸ ಬಟ್ಟೆ ಕೊಳ್ಳಲು ಹೋಗಬೇಡಿ. ಹತ್ತಾರು ಸಲ ಒಗೆದು ಮೆತ್ತಗಾದ ಅಜ್ಜಿಯ ಕಾಟನ್ ಸೀರೆ, ಹಳೇ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಜರಿ ಅಂಚು ಕತ್ತರಿಸಿ ತೆಗೆಯಿರಿ, ಕೂಸಿಗೆ ಚುಚ್ಚುತ್ತದೆ. ಸಿಂಥೆಟಿಕ್ ಬೇಡವೇ ಬೇಡ, ಉಚ್ಚೆ ಹೀರುವುದಿಲ್ಲ.

ಸುಮಾರು 36 ಇಂಚಿನ ಚೌಕ ಸಾಕು. ಒಳಗೆ ಎರಡು ಪದರ ಪಂಚೆ, ಮೇಲೆ ಕೆಳಗೆ ಸೀರೆ, ಒಟ್ಟು ನಾಲ್ಕು. ಜಾಸ್ತಿ ಮಾಡಿದರೆ ಸೂಜಿ ಹೋಗುವುದೂ ಕಷ್ಟ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ನೆಲದ ಮೇಲೆ ಹಾಸಿ, ಸುಕ್ಕು ಇಲ್ಲದಂತೆ ನೀವಿ, ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿಕೊಳ್ಳಿ, ಇದನ್ನು ಬಿಟ್ಟರೆ ಕೊನೆಗೆ ನಡುವೆ ಉಬ್ಬಿ ನಿಲ್ಲುತ್ತದೆ (ನನ್ನ ಮೊದಲ ಕೌದಿ ಹಾಗೇ ಆಯ್ತು). ಅಂಚು ಒಳಗೆ ಮಡಚಿ, ಸುತ್ತ ಓಡು ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕುತ್ತಾ ನಡುವಿಗೆ ಬನ್ನಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ತಮ್ಮ ಕೌದಿಯನ್ನು (ಅವರು ಅದಕ್ಕೆ ಕವಂದಿ ಅನ್ನುತ್ತಾರೆ) ಹೀಗೇ ಹೊರಗಿನಿಂದ ಒಳಗೆ ಹೊಲಿಯುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ‘ಫೂಲ’ ಅಂತ ಹೂವನ್ನೂ ಇಡುತ್ತಾರೆ. ಸಾಲುಗಳ ನಡುವೆ ಒಂದು ಬೆರಳು ಜಾಗ ಬಿಡಿ. ಗಂಟು ಪದರಗಳ ಒಳಗೆ ಅಡಗಿರಲಿ. ಗುಂಡಿ, ಮಣಿ, ಕುಚ್ಚು ಯಾವುದೂ ಬೇಡ, ಮಗು ಎಲ್ಲವನ್ನೂ ಬಾಯಿಗೇ ಹಾಕುತ್ತದೆ ಅಲ್ವಾ.

ಇನ್ನೊಂದು, ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಇದನ್ನು ಹೊದಿಸಬೇಡಿ, ಮುಖದ ಮೇಲೆ ಬಂದರೆ ಉಸಿರು ಕಟ್ಟಬಹುದು. ಎಚ್ಚರವಿದ್ದಾಗ ಕೆಳಗೆ ಹಾಸಲು, ಎತ್ತಿಕೊಂಡಾಗ ಸುತ್ತಲು ಬಳಸಿ.