ಜಡ್ಜ್ ಆಗಿದ್ದವರು ಫುಟ್‌ಬಾಲ್ ಸಂಸ್ಥೆ ನಡೆಸಿದ್ದು ಉಂಟಾ? ಉಂಟು, ಜರ್ಮನಿಯಲ್ಲಿ

ನ್ಯಾಯಾಧೀಶರಾಗಿದ್ದವರು ಯಾರಾದರೂ ಫುಟ್‌ಬಾಲ್ ಆಡಳಿತಕ್ಕೆ ಬಂದಿದ್ದಾರಾ, ಬಂದಿದ್ದರೆ ಆಟಕ್ಕೆ ಒಳ್ಳೆಯದಾಯ್ತಾ ಅಂತ ಕೇಳಿದ್ದೀರಿ.

ನಮ್ಮವರೇ ಬೇಕು ಅಂದರೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅನಿಲ್ ದವೆ ಇದ್ದಾರೆ. 2022ರ ಮೇ ತಿಂಗಳಲ್ಲಿ ಕೋರ್ಟ್ ಅವರ ನೇತೃತ್ವದ ಸಮಿತಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಉಸ್ತುವಾರಿ ವಹಿಸಿತು. ಹೊರಗಿನವರು ಕೈ ಹಾಕಿದ್ದಾರೆ ಅಂತ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನೇ ಅಮಾನತು ಮಾಡಿತು. ಕೋರ್ಟ್ ಸಮಿತಿಯನ್ನು ಕೈಬಿಟ್ಟ ಮೇಲೆ ಅಮಾನತು ತೆರವಾಯಿತು. ಮೂರು ತಿಂಗಳ ಕಥೆ ಅಷ್ಟೇ. ಪೂರ್ತಿ ಬದುಕೇ ಬೇಕು ಅಂದರೆ ನಾನು ಹೇಳುವ ಹೆಸರು ಜರ್ಮನಿಯ ಥಿಯೋ ಜ್ವಾನ್‌ಜಿಗರ್.

1945ರಲ್ಲಿ ಆಲ್ಟೆನ್‌ಡೀಜ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಊರಿನ ಕ್ಲಬ್‌ನಲ್ಲಿ ಹವ್ಯಾಸಕ್ಕೆ ಆಡುತ್ತಿದ್ದರು. ಮೊದಲು ತೆರಿಗೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ತರಬೇತಿ ಪಡೆದರು (ಇದನ್ನು ನೆನಪಿಟ್ಟುಕೊಳ್ಳಿ). ಆಮೇಲೆ ಮೈಂಜ್‌ನಲ್ಲಿ ಕಾನೂನು ಓದಿದರು. 1980ರಿಂದ 85ರವರೆಗೆ ಕೋಬ್ಲೆಂಜ್‌ನಲ್ಲಿ ಆಡಳಿತ ನ್ಯಾಯಾಲಯದ ಜಡ್ಜ್. ಅಂದರೆ ಕೊಲೆ, ದರೋಡೆ ಕೇಸುಗಳಲ್ಲ, ಸರ್ಕಾರ ಮತ್ತು ಜನರ ನಡುವಿನ ತಕರಾರು. ನಂತರ ರಾಜಕೀಯ, ಶಾಸಕ ಸ್ಥಾನ, ಜಿಲ್ಲಾ ಮಟ್ಟದ ದೊಡ್ಡ ಅಧಿಕಾರ ಎಲ್ಲ ಆಯಿತು.

ಜರ್ಮನ್ ಫುಟ್‌ಬಾಲ್ ಸಂಸ್ಥೆಗೆ ಡಿಎಫ್‌ಬಿ ಅನ್ನುತ್ತಾರೆ. 60 ಲಕ್ಷಕ್ಕೂ ಜಾಸ್ತಿ ಸದಸ್ಯರಿರುವ ಸಂಸ್ಥೆ. ಅಲ್ಲಿ 2001ರಲ್ಲಿ ಖಜಾಂಚಿಯಾದರು. 2004ರಲ್ಲಿ ಹಳೇ ಅಧ್ಯಕ್ಷರನ್ನೂ ಇಟ್ಟುಕೊಂಡು ಇವರನ್ನೂ ಅಧ್ಯಕ್ಷ ಮಾಡಿದರು. ಒಂದೇ ಮನೆಗೆ ಇಬ್ಬರು ಯಜಮಾನರು! 2006ರಿಂದ 2012ರವರೆಗೆ ಇವರೊಬ್ಬರೇ.

ಇವರು ಮಾಡಿದ ಒಳ್ಳೆಯ ಕೆಲಸ ಮಹಿಳಾ ಫುಟ್‌ಬಾಲ್‌ದು. ಹೆಂಗಸರು ಫುಟ್‌ಬಾಲ್ ಆಡಬಾರದು ಅಂತ 1955ರಿಂದ 1970ರವರೆಗೆ ಇದೇ ಡಿಎಫ್‌ಬಿ ನಿಷೇಧ ಹಾಕಿತ್ತು. ಇವರ ಕಾಲದಲ್ಲಿ ಅದೇ ಸಂಸ್ಥೆ 2011ರ ಮಹಿಳಾ ವಿಶ್ವಕಪ್ ನಡೆಸಿತು. ಬರ್ಲಿನ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ ಜರ್ಮನಿಯ ಮೊದಲ ಪಂದ್ಯಕ್ಕೆ 73 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಜರ್ಮನಿ ಕ್ವಾರ್ಟರ್ ಫೈನಲ್‌ನಲ್ಲಿ ಜಪಾನ್‌ಗೆ ಸೋತಿತು, ಅದು ಬೇರೆ ಮಾತು.

ಇನ್ನೊಂದು 2009ರ ನವೆಂಬರ್. ಖಿನ್ನತೆಯಿಂದ ಬಳಲುತ್ತಿದ್ದ ಗೋಲ್‌ಕೀಪರ್ ರಾಬರ್ಟ್ ಎಂಕೆ ಪ್ರಾಣ ಕಳೆದುಕೊಂಡಿದ್ದರು. ಹ್ಯಾನೋವರ್ ಸ್ಟೇಡಿಯಂನ ನಟ್ಟನಡುವಿನ ವೃತ್ತದಲ್ಲಿ ಶವಪೆಟ್ಟಿಗೆ, ಸುತ್ತ ಸುಮಾರು 40 ಸಾವಿರ ಜನ. ಅಲ್ಲಿ ಮಾತಾಡಿದ ಜ್ವಾನ್‌ಜಿಗರ್, ಫುಟ್‌ಬಾಲೇ ಎಲ್ಲ ಆಗಬಾರದು ಅಂದರು. ಮುಂದೆ ಎಂಕೆ ಹೆಸರಿನಲ್ಲಿ ಒಂದು ಪ್ರತಿಷ್ಠಾನವೂ ಬಂತು.

ಗಮನಿಸಿ, ಈ ಎರಡರಲ್ಲೂ ಜಡ್ಜ್‌ಗಿರಿಯ ಸುಳಿವಿಲ್ಲ. ಅದು ಕಾಣಿಸಿಕೊಂಡಿದ್ದೆಲ್ಲ ಜಗಳಗಳಲ್ಲಿ.

2008ರಲ್ಲಿ ಒಬ್ಬ ಕ್ರೀಡಾ ಪತ್ರಕರ್ತ ಇಂಟರ್‌ನೆಟ್‌ನಲ್ಲಿ ಇವರ ಬಗ್ಗೆ ಬರೆದರು: ಮಾತಿನಲ್ಲೇ ಜನರನ್ನು ಕೆರಳಿಸಿ ದಾರಿ ತಪ್ಪಿಸುವ ಆಸಾಮಿ ಅಂತ. ಸುಮ್ನೆ ಬಿಟ್ಟಿದ್ದರೆ ನಾಲ್ಕು ಜನ ಓದಿ ಮರೆಯುತ್ತಿದ್ದರು. ಇವರು ತಡೆಯಾಜ್ಞೆ ಕೇಳಿ ಬರ್ಲಿನ್ ಕೋರ್ಟಿಗೆ ಹೋದರು. ಅದು ಅಭಿಪ್ರಾಯ, ಹೇಳುವ ಹಕ್ಕಿದೆ ಅಂದಿತು ಕೋರ್ಟ್. ಮೇಲಿನ ಕೋರ್ಟಲ್ಲೂ ಅದೇ ಉತ್ತರ. ಅಷ್ಟೊತ್ತಿಗೆ ಆ ಮಾತು ದೇಶಕ್ಕೆಲ್ಲ ಗೊತ್ತಾಗಿತ್ತು.

ಮಜಾ ಇರುವುದು ಮುಂದೆ. 2015ರಲ್ಲಿ ರೇಡಿಯೊ ಸಂದರ್ಶನದಲ್ಲಿ ಇವರೇ ಕತಾರ್ ದೇಶವನ್ನು ವಿಶ್ವ ಫುಟ್‌ಬಾಲ್‌ಗೆ ಅಂಟಿದ ಕ್ಯಾನ್ಸರ್ ಗಡ್ಡೆ ಅಂದರು. 2022ರ ವಿಶ್ವಕಪ್ ಅಲ್ಲಿಗೆ ಕೊಟ್ಟಿದ್ದನ್ನು ಮೊದಲಿಂದಲೂ ವಿರೋಧಿಸುತ್ತಿದ್ದವರು. ಕತಾರ್ ಫುಟ್‌ಬಾಲ್ ಸಂಸ್ಥೆ ಡ್ಯೂಸೆಲ್‌ಡಾರ್ಫ್ ಕೋರ್ಟಿನಲ್ಲಿ ಕೇಸು ಹಾಕಿತು. ಮಾತು ಅವಮಾನಕರವೇ ಹೌದು, ಆದರೂ ಅಭಿಪ್ರಾಯ ಹೇಳುವ ಹಕ್ಕಿನೊಳಗೆ ಬರುತ್ತದೆ ಅಂತ 2016ರಲ್ಲಿ ಕೋರ್ಟ್ ಕೇಸನ್ನು ತಳ್ಳಿಹಾಕಿತು. ಯಾವ ಹಕ್ಕಿನ ಎದುರು ಸೋತಿದ್ದರೋ ಅದೇ ಹಕ್ಕು ಈ ಸಲ ಇವರನ್ನು ಉಳಿಸಿತು. ಮಾಜಿ ಜಡ್ಜ್‌ಗೆ ಇದು ಮೊದಲೇ ಗೊತ್ತಿರಬೇಕಿತ್ತು ಅಲ್ವಾ?

ಕೊನೆಯ ಕೇಸು ದೊಡ್ಡದು. 2005ರಲ್ಲಿ ಡಿಎಫ್‌ಬಿ ಫಿಫಾಗೆ 67 ಲಕ್ಷ ಯೂರೋ ಕಳಿಸಿತ್ತು. ಜರ್ಮನಿಯಲ್ಲೇ ನಡೆಯಲಿದ್ದ 2006ರ ವಿಶ್ವಕಪ್ ಉದ್ಘಾಟನೆಯ ಅದ್ದೂರಿ ಮನರಂಜನಾ ಸಮಾರಂಭಕ್ಕೆ ಅಂತ ಲೆಕ್ಕದಲ್ಲಿ ಬರೆದಿದ್ದರು. ಸಮಾರಂಭ ನಡೆಯಲೇ ಇಲ್ಲ. ಹಣ ಹೋಗಿದ್ದು ಅಡಿಡಾಸ್‌ನ ಮಾಜಿ ಮುಖ್ಯಸ್ಥ ರಾಬರ್ಟ್ ಲೂಯಿ-ಡ್ರೇಫಸ್ ಅವರಿಗೆ, ಹಳೇ ಸಾಲ ತೀರಿಸಲು. ಆಗ ಆ ವಿಶ್ವಕಪ್‌ನ ಸಂಘಟನಾ ಸಮಿತಿಯಲ್ಲಿ ಹಣಕಾಸು ನೋಡುತ್ತಿದ್ದವರು ಜ್ವಾನ್‌ಜಿಗರ್. 2015ರಲ್ಲಿ ವಿಷಯ ಹೊರಬಿದ್ದಾಗ ಉಳಿದವರು ಅಲ್ಲಗಳೆಯುತ್ತಿದ್ದರೆ, ಗುಪ್ತ ನಿಧಿ ಇದ್ದದ್ದು ನಿಜ ಅಂತ ಬಹಿರಂಗವಾಗಿ ಹೇಳಿದವರೂ ಇವರೇ. ಅದಕ್ಕೆ ನಾನು ಇವರಿಗೆ ಅಂಕ ಕೊಡುತ್ತೇನೆ.

ಆದರೆ ಈ ಹಣವನ್ನು ಖರ್ಚು ಅಂತ ತೋರಿಸಿದ್ದಕ್ಕೆ ಡಿಎಫ್‌ಬಿ ಮೇಲೆ ಬಂದ ತೆರಿಗೆ ವಂಚನೆ ಆರೋಪದಲ್ಲಿ ಇವರೂ ಸಿಕ್ಕಿಕೊಂಡರು, ತೆರಿಗೆ ಇನ್‌ಸ್ಪೆಕ್ಟರ್ ಆಗಲು ಕಲಿತಿದ್ದವರು! ಇದೇ ಹಣದ ಬಗ್ಗೆ ಸ್ವಿಟ್ಜರ್ಲೆಂಡಿನಲ್ಲಿದ್ದ ಕೇಸು 2020ರಲ್ಲಿ ಕಾಲಮಿತಿ ಮೀರಿ ಬಿದ್ದುಹೋಯಿತು. ಫ್ರಾಂಕ್‌ಫರ್ಟ್‌ನಲ್ಲಿ 2024ರಲ್ಲಿ ವಿಚಾರಣೆ ಶುರುವಾದಾಗ ಇವರಿಗೆ 78 ವರ್ಷ. ಹಣ ಕಟ್ಟುವ ಷರತ್ತಿನ ಮೇಲೆ ಇವರ ಮೇಲಿನ ಕೇಸು ಮುಗಿಯಿತು, ತಪ್ಪಿತಸ್ಥ ಅನ್ನುವ ತೀರ್ಪು ಬರಲಿಲ್ಲ. 2025ರ ಜೂನ್‌ನಲ್ಲಿ ಡಿಎಫ್‌ಬಿಗೆ 1 ಲಕ್ಷ 10 ಸಾವಿರ ಯೂರೋ ದಂಡ ಬಿತ್ತು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಆಟಕ್ಕೆ, ಅದರಲ್ಲೂ ಹೆಣ್ಣುಮಕ್ಕಳ ಆಟಕ್ಕೆ, ಒಳ್ಳೆಯದೇ ಆಯಿತು. ಜಡ್ಜ್ ಆಗಿದ್ದಕ್ಕೆ ಆಯಿತು ಅಂತ ಮಾತ್ರ ನಾನು ಹೇಳಲಾರೆ.