ಗಂಜಿ ಅಡಿ ಹಿಡಿದ ಪುಟ

ಪತ್ರ: ಈ ಮಳೆಗಾಲದಲ್ಲಿ ನಾಲ್ಕು ಕಾದಂಬರಿ ಓದಿದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದುವಾಗ ನಾಯಕಿ ನಾದಿರಾಳ ಅಪ್ಪನಿಗಿಂತ ಜಾಸ್ತಿ ಅವಳ ಅಮ್ಮನ ಮೇಲೆ ಸಿಟ್ಟು ಬಂತು. ಗಂಡನಿಗೆ ಅಷ್ಟು ಹೆದರಬೇಕಾ ಅಂತ. ಮತ್ತೆ ನನ್ನ ಅಮ್ಮನೂ ಹಾಗೇ ಇದ್ದರಲ್ಲ ಅಂತ ನೆನಪಾಗಿ ಪುಸ್ತಕ ಮಡಚಿ ಕೂತೆ. ಒಲೆಯ ಮೇಲಿದ್ದ ಗಂಜಿ ಅಡಿ ಹಿಡಿಯಿತು. ಉಳಿದ ಮೂರೂ ಚೆನ್ನಾಗಿವೆ. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಾಲೇಜಿನಲ್ಲಿ ಪಾಠ ಮಾಡುವ ತಂಗಿಯ ಮಗ ಅದನ್ನು ನೋಡಿ, “ದೊಡ್ಡಮ್ಮ, ಇದು ವಿಮರ್ಶೆ ಅಲ್ಲ, ಸುಮ್ನೆ ನಿಮ್ಮ ಮನೆ ಕತೆ” ಅಂದ. ಬರೆಯುವುದನ್ನು ನಿಲ್ಲಿಸಲಾ?
– ಓದುಗರೊಬ್ಬರು, ಪೆರ್ಲ

ಉತ್ತರ: ನಿಲ್ಲಿಸಬೇಡಿ ಅಕ್ಕ. ನೋಟ್‌ಬುಕ್ ಮುಗಿದರೆ ಇನ್ನೊಂದು ತನ್ನಿ.

ನಿಮ್ಮ ತಂಗಿಯ ಮಗನ ಮಾತು ಪೂರ್ತಿ ತಪ್ಪಲ್ಲ. ಕಾದಂಬರಿಯನ್ನು ಹೇಗೆ ಕಟ್ಟಿದ್ದಾರೆ, ಯಾವ ಕಾಲದಲ್ಲಿ ಬರೆದರು ಅಂತ ನೋಡುವವರೂ ಬೇಕು. ಆದರೆ ಆ ಕೆಲಸವೆಲ್ಲ ಗಂಜಿ ಅಡಿ ಹಿಡಿದ ಮೇಲಿನದು. ಆ ಕಾದಂಬರಿ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಅಲ್ಲಿಂದ ಇಲ್ಲಿವರೆಗೆ ತಲಾಖ್, ಧರ್ಮ, ಹೆಣ್ಣಿನ ಪಾಡು ಅಂತ ಎಷ್ಟೋ ಜನ ಬರೆದರು. ನಾನೂ ಬರೆದೆ. ಆ ಅಮ್ಮನ ಹತ್ತಿರ ಮಾತ್ರ ನಾನು ಒಂದು ಗಳಿಗೆ ನಿಂತಿರಲಿಲ್ಲ. ನಿಮ್ಮ ಪತ್ರ ಬಂದ ರಾತ್ರಿ ಪುಸ್ತಕ ತೆಗೆದೆ. ಓದಿದಷ್ಟೂ ಹೊತ್ತು ಕಣ್ಣು ಅವಳನ್ನೇ ಹುಡುಕುತ್ತಿತ್ತು.

ಹೈಸ್ಕೂಲಿನಲ್ಲಿದ್ದಾಗ ನಾನು ನಿರಂಜನರ ‘ಚಿರಸ್ಮರಣೆ’ಯನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಜಮೀನ್ದಾರರ ವಿರುದ್ಧ ಎದ್ದ ಕಯ್ಯೂರಿನ ರೈತರ ಕತೆ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರ ಕತೆ. ಅಡಿಕೆ ಸುಲಿಯಲು ಬರುತ್ತಿದ್ದ ಅಜ್ಜ ಒಬ್ಬರು ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಗಲ್ಲಿನ ಭಾಗ ಬಂದಾಗ ಕತ್ತಿಯ ಸದ್ದು ನಿಂತಿತು. “ಇನ್ನೊಮ್ಮೆ ಓದು ಮಗಾ” ಅಂದರು. ಓದಿದೆ. ಕೈಯಲ್ಲಿದ್ದ ಅಡಿಕೆಯನ್ನು ಅರ್ಧ ಸುಲಿದಲ್ಲಿಗೇ ಬುಟ್ಟಿಗೆ ಹಾಕಿ, ಮುಂಡಾಸು ಬಿಚ್ಚಿ ಮುಖ ಒರೆಸಿ, ಎದ್ದು ಹೋದರು. ಆ ದಿನದ ಕೂಲಿ ಕೇಳಲಿಲ್ಲ. ಆ ಕಾದಂಬರಿಯ ಬಗ್ಗೆ ಆಮೇಲೆ ನಾನು ಓದಿದ ಯಾವ ಲೇಖನವೂ ಆ ಅರ್ಧ ಸುಲಿದ ಅಡಿಕೆಯಷ್ಟು ಹೇಳಲಿಲ್ಲ.

ಸಾರಾ ಅವರ ಮನೆಮಾತು ಮಲಯಾಳ. ಓದಿದ್ದು ಕಾಸರಗೋಡಿನ ಕನ್ನಡ ಶಾಲೆಯಲ್ಲಿ. ಆ ಶಾಲೆ ಇಲ್ಲದಿದ್ದರೆ ನಾದಿರಾ ಕನ್ನಡಕ್ಕೆ ಬರುತ್ತಿದ್ದಳಾ? 1956ರ ನವೆಂಬರ್ 1ಕ್ಕೆ ಕಾಸರಗೋಡಿನ ನಾವು ಕೇರಳಕ್ಕೆ ಸೇರಿದೆವು. ಗಡಿಯ ಜಗಳ ಇವತ್ತು ಬೇಡ. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮೇಷ್ಟ್ರನ್ನು ಕಳುಹಿಸುತ್ತಾರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ. ಮೇಷ್ಟ್ರ ಮಾತೇ ಅರ್ಥವಾಗದ ಮಗು ನಾಳೆ ಯಾವ ಕಾದಂಬರಿ ಓದಿ ಗಂಜಿ ಮರೆಯಬೇಕು?

ನೆರೆಯ ಮಲಯಾಳಿಗಳನ್ನು ನೋಡಿ. ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ಗ್ರಂಥಾಲಯ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19 ಈಗ ಕೇರಳದಲ್ಲಿ ಓದಿನ ದಿನ. ನಮ್ಮ ಬೀದಿಯ ವಾಯನಶಾಲೆಯಲ್ಲಿ, ಅಂದರೆ ಮಲಯಾಳದ ಓದುಮನೆಯಲ್ಲಿ, ಸಂಜೆ ಆಟೋ ಓಡಿಸುವವರು, ಬೀಡಿ ಕಟ್ಟುವವರು ಕೂತು ಇಂಥ ಪಾತ್ರ ಹೀಗೆ ಮಾಡಬಾರದಿತ್ತು ಅಂತ ಜಗಳ ಆಡುತ್ತಾರೆ. ಅದು ಅವರ ಮನೆ ಕತೆ ಅಂತ ಯಾರೂ ತಡೆಯುವುದಿಲ್ಲ. ನಮ್ಮಲ್ಲಿ ಪುಸ್ತಕ ಬಿಡುಗಡೆಗೆ ಶಾಲು ಹಾರ ಜಾಸ್ತಿ. ಒಂದು ತಿಂಗಳು ಬಿಟ್ಟು “ಓದಿದಿರಾ, ಏನನ್ನಿಸಿತು?” ಅಂತ ಕೇಳುವವರಿಲ್ಲ.

ನಿಮ್ಮ ಮೇಲೂ ಒಂದು ಸಣ್ಣ ಸಿಟ್ಟಿದೆ ಅಕ್ಕ. “ಉಳಿದ ಮೂರೂ ಚೆನ್ನಾಗಿವೆ” ಅಂತ ಬರೆದುಬಿಟ್ಟಿರಲ್ಲ! ಮದುವೆ ಊಟದ ಬಗ್ಗೆಯೂ ನಾವು ಅದಕ್ಕಿಂತ ಜಾಸ್ತಿ ಹೇಳುತ್ತೇವೆ. ಎಲ್ಲಿ ಕಣ್ಣು ತುಂಬಿತು, ಎಲ್ಲಿ ಬೇಜಾರು ಬಂತು, ಯಾವ ಪುಟ ಹಾರಿಸಿದಿರಿ? ಆ ಮೂರರ ಬಗ್ಗೆ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಕಳುಹಿಸಿ, ತಿದ್ದಬೇಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಡುತ್ತೇನೆ. ನಿಮ್ಮ ಅಮ್ಮನ ಬಗ್ಗೆ ಬರೆದದ್ದಿದ್ದರೆ, ಮನಸ್ಸು ಒಪ್ಪಿದರೆ, ಅದನ್ನೂ.